ಎದೆ ಎಪ್ಪತ್ತೇಳು, ಉಸಿರೆಳೆದರೆ ಎಂಬತ್ತೆರಡು

ನನ್ನನ್ನು ಅವರು ಮೊದಲು ಅಳೆದರು, ಆಮೇಲೆ ಮನೆ ತೋರಿಸಿದರು.

ತೊಂಬತ್ತೊಂದನೇ ಇಸವಿಯ ಜೂನ್ ತಿಂಗಳು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಿಂದ ಒಳಕ್ಕೆ ಒಂದು ಅಡ್ಡರಸ್ತೆ. ಕೆಳಗೆ ಮಾಲೀಕರು, ಮೇಲೆ ಬಾಡಿಗೆಗೆ ಎರಡು ಕೋಣೆ ಎಂದು ಯಾರೋ ಹೇಳಿದ್ದರು. ಗೇಟಿನ ಬಳಿ ಖಾಕಿ ಚಡ್ಡಿ, ಬಿಳಿ ಬನಿಯನ್ನಿನ ಒಬ್ಬರು ಕೊರಳಿಗೆ ದರ್ಜಿಯ ಟೇಪು ಇಳಿಬಿಟ್ಟುಕೊಂಡು ನಿಂತಿದ್ದರು. ದರ್ಜಿಯೇ ಇರಬೇಕೆಂದುಕೊಂಡು, "ಕ್ಯಾಪ್ಟನ್ ಸಾಹೇಬರ ಮನೆ ಇದೇನಾ?" ಎಂದು ಕೇಳಿದೆ.

"ಕೈ ಮ್ಯಾಲ ಎತ್ರಿ," ಎಂದರು.

ಎತ್ತಿದೆ. ಟೇಪು ಎದೆಯ ಸುತ್ತ ಬಂತು.

"ಉಸಿರು ಎಳೀರಿ. ಇನ್ನೂ ಎಳೀರಿ. ಇಷ್ಟನ?"

"ಇಷ್ಟೇ ಸಾರ್."

"ಎಪ್ಪತ್ತಾರು. ಎಳದ್ರ ಎಪ್ಪತ್ತೊಂಬತ್ತು. ಫೇಲ್. ಬರ್ರಿ, ಮನಿ ನೋಡ್ರಿ."

ಸೈನ್ಯಕ್ಕೆ ಸೇರುವವನ ಎದೆ ಎಪ್ಪತ್ತೇಳು ಸೆಂಟಿಮೀಟರ್ ಇರಬೇಕು, ಉಸಿರೆಳೆದಾಗ ಇನ್ನೂ ಐದು ಹಿಗ್ಗಬೇಕು. ಆ ನಿಯಮವನ್ನು ಅವರು ಇಡೀ ಬೀದಿಗೆ ಅನ್ವಯಿಸಿದ್ದರು. ಪೇಪರ್ ಹಾಕುವವನು, ಗ್ಯಾಸ್ ತರುವವನು, ಹಬ್ಬಕ್ಕೆ ಸಿಹಿ ಕೊಡಲು ಬಂದ ಪಕ್ಕದ ಮನೆಯ ಪಿಯುಸಿ ಹುಡುಗ, ಯಾರೂ ತಪ್ಪಿಸಿಕೊಂಡಿರಲಿಲ್ಲ. ಜೀವನ್ ಬಿಮಾ ನಗರದ ಒಂದು ನಿಶ್ಚಿತಾರ್ಥದಲ್ಲಿ ಅವರು ಮದುಮಗನನ್ನೇ ಪಕ್ಕಕ್ಕೆ ಕರೆದು ಅಳೆದರು. "ಎಪ್ಪತ್ನಾಕು," ಎಂದು ಹೆಣ್ಣಿನ ತಂದೆಗೆ ಗಟ್ಟಿಯಾಗಿ ವರದಿ ಒಪ್ಪಿಸಿದರು. ಗಂಡಿನ ಕಡೆಯವರು ಅವತ್ತು ಊಟ ಮಾಡದೆ ಹೋದರು. ಮದುವೆಯೇನೋ ನಡೆಯಿತು. ಇವರಿಗೆ ಮಾತ್ರ ಕರೆ ಇರಲಿಲ್ಲ.

ನಾನು ಹತ್ತಿರದ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದೆ. ಬಂದ ಬಿಡಿಭಾಗವನ್ನು ಅಳೆದು ನೋಡುವುದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಡಬ್ಬಿಗೆ ಹಾಕುವುದು ನನ್ನ ಕೆಲಸ. ಅದನ್ನು ತಿಳಿದ ಮೇಲೆ ಅವರು ನನ್ನನ್ನು "ಇನ್‌ಸ್ಪೆಕ್ಟರ್" ಎಂದೇ ಕರೆಯತೊಡಗಿದರು. ಬೀದಿಯವರು ಎರಡು ವರ್ಷ ನನ್ನನ್ನು ಪೊಲೀಸಿನವನೆಂದೇ ನಂಬಿದ್ದರು. ತರಕಾರಿಯವಳು ನನಗೆ ಎಳೆ ಹುರುಳಿಕಾಯಿಯನ್ನೇ ಆರಿಸಿ ಹಾಕುತ್ತಿದ್ದಳು. ಆ ಕೆಲಸದ ಅಭ್ಯಾಸದಿಂದಲೋ ಏನೋ, ಇಲ್ಲಿ ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಬೇರೆಯಾಗಿಯೇ ಇಡುತ್ತೇನೆ.

ಅವರು ನವಲಗುಂದದ ಕಡೆಯವರು. ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿದ್ದು ಸುಬೇದಾರರಾಗಿ ನಿವೃತ್ತರಾದರು. ಹೊರಡುವಾಗ ಗೌರವಕ್ಕೆಂದು ಕ್ಯಾಪ್ಟನ್ ಪದವಿ ಕೊಟ್ಟಿದ್ದರು. ಬೀದಿ 'ಗೌರವ'ವನ್ನು ಬಿಟ್ಟು 'ಕ್ಯಾಪ್ಟನ್' ಅನ್ನು ಇಟ್ಟುಕೊಂಡಿತು. ಅವರೂ ತಿದ್ದಲಿಲ್ಲ.

ಮೆಟ್ಟಿಲ ಗೋಡೆಯ ಮೇಲೆ ಬಾಡಿಗೆದಾರರಿಗೆ ಟೈಪ್ ಮಾಡಿದ ಆಜ್ಞಾಪತ್ರವಿತ್ತು. ನೀರಿನ ಮೋಟರು ಆರು ಹತ್ತಕ್ಕೆ ಶುರು, ಆರು ಇಪ್ಪತ್ತೈದಕ್ಕೆ ಬಂದ್. ಮೇಲಿನ ಮನೆಯವರು ಕಾಲೆಳೆದು ನಡೆಯಬಾರದು. ಅತಿಥಿಗಳು ಬರುವುದಿದ್ದರೆ ಹಿಂದಿನ ದಿನ ಹದಿನೆಂಟು ಗಂಟೆಯೊಳಗೆ, ಅಂದರೆ ಸಂಜೆ ಆರರೊಳಗೆ, ತಿಳಿಸಬೇಕು. ನನ್ನ ಅತ್ತೆ ಹೇಳದೆ ಬಂದ ದಿನ ಅವರನ್ನು ಗೇಟಿನಲ್ಲಿ ಹತ್ತು ನಿಮಿಷ ನಿಲ್ಲಿಸಿದ್ದರು. ನನ್ನ ಹೆಂಡತಿಗೆ ಸಿಟ್ಟು ಬಂತು. ನನಗೆ ಅಷ್ಟಾಗಿ ಬರಲಿಲ್ಲ.

ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಅಕ್ಕನದು ಮೆಲುದನಿ, ಆದರೆ ಮಾತು ಹರಿತ. ಒಲೆಯ ಮುಂದೆ ನಿಂತು ಹಾಲು ಉಕ್ಕುವ ಸಮಯವನ್ನು ಗಡಿಯಾರ ನೋಡಿ ಹೇಳುತ್ತಿದ್ದ ಗಂಡನನ್ನು ತೋರಿಸಿ, "ಇಪ್ಪತ್ತೆಂಟು ವರ್ಷ ದೇಶದ ಗಡಿ ಕಾದಾರ. ಈಗ ನನ್ನ ಒಲಿ ಕಾಯ್ತಾರ. ಚೀನಾದವ್ರು ಪಾಪ ಎಷ್ಟ್ ಕಷ್ಟಪಟ್ಟಿರಬೇಕು," ಎನ್ನುತ್ತಿದ್ದರು.

"ಹಾಲು ಉಕ್ಕಿತಲ್ಲ?"

"ನೀವು ಅಡ್ಡ ನಿಂತ್ರಿ, ನನಗ ಕಾಣ್ಲಿಲ್ಲ."

ತಿಂಗಳ ಮೊದಲ ವಾರ ಅವರು ಮಿಲಿಟರಿ ಕ್ಯಾಂಟೀನಿಗೆ ಹೋಗಿ ಬರುತ್ತಿದ್ದರು. ಆ ವಾರ ನಮ್ಮ ಬೀದಿಯಲ್ಲಿ ದೇಶಭಕ್ತಿ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತಿತ್ತು. ಮಾತಾಡಿಸದೆ ಹೋಗುತ್ತಿದ್ದ ದೊಡ್ಡ ಮನುಷ್ಯರೂ ಗೇಟಿನ ಬಳಿ ನಿಂತು, ಸೈನಿಕರಿಲ್ಲದಿದ್ದರೆ ನಾವು ನಿದ್ದೆ ಮಾಡುವುದುಂಟೇ ಎಂದು ಕೇಳುತ್ತಿದ್ದರು. ಅವರು ಯಾರಿಗೂ ಅಲ್ಲಿನ ಅಗ್ಗದ ರಮ್ಮಿನ ಒಂದು ಬಾಟಲಿ ಕೊಟ್ಟದ್ದನ್ನು ನಾನು ಕಂಡಿಲ್ಲ. ಆದರೂ ಮುಂದಿನ ತಿಂಗಳು ಅವರೆಲ್ಲ ಮತ್ತೆ ಬರುತ್ತಿದ್ದರು.

ಒಮ್ಮೆ ಬ್ಲೇಜರ್ ಹೊಲಿಸಲು ಶಿವಾಜಿನಗರಕ್ಕೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅಲ್ಲಿನ ಮುದುಕ ದರ್ಜಿ ಅವರ ಅಳತೆ ತೆಗೆದು ಪುಸ್ತಕದಲ್ಲಿ ಬರೆದುಕೊಂಡ.

"ಎಷ್ಟ್ ಬರದಿ? ಓದು."

"ಛಾತಿ ನಲ್ವತ್ತು ಇಂಚ್ ಸಾಬ್. ಪೇಟ್, ಹೊಟ್ಟೆ, ನಲ್ವತ್ಮೂರು."

"ತಪ್ಪು. ಮತ್ತ ಅಳಿ."

ದರ್ಜಿ ಮತ್ತೆ ಅಳೆದ. "ಈಗ ಪೇಟ್ ನಲ್ವತ್ನಾಲ್ಕ್ ಆಯ್ತು ಸಾಬ್. ಇನ್ನೊಂದ್ಸಲ ನೋಡ್ಲಾ?"

ವಾಪಸು ಬರುವಾಗ ಬಸ್ಸಿನಲ್ಲಿ ಹಲಸೂರಿನವರೆಗೂ ಅವರು ಹೊಟ್ಟೆ ಒಳಗೆಳೆದುಕೊಂಡೇ ಕೂತಿದ್ದರು. ಕೆರೆ ದಾಟಿದ ಮೇಲೆ, "ಅವನ ಟೇಪು ಹಳೇದು. ಎಳದ್ರ ಹಿಗ್ಗತೈತಿ," ಎಂದರು.

ಅವರಿಗೆ ಒಬ್ಬನೇ ಮಗ. ಅವನನ್ನು ಎಲ್ಲರೆದುರು ಅವರು ಹೊಗಳಿದ್ದನ್ನು ನಾನು ಕೇಳಿಲ್ಲ. ಆದರೆ ಅವನಿಗೆ ಜ್ವರ ಬಂದಾಗ ಅರ್ಧ ಗಂಟೆಗೊಮ್ಮೆ ಉಷ್ಣತೆ ಬರೆದಿಟ್ಟ ಹಾಳೆಯನ್ನು ಕಂಡಿದ್ದೇನೆ. ಅವನು ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ಸಂಜೆ ಜೋರು ಮಳೆ. ಇವರು ಎರಡು ಕೊಡೆ ಹಿಡಿದು ಬಸ್ ನಿಲ್ದಾಣದಲ್ಲಿ ನಿಂತಿದ್ದರು. ನಾನು ಎದುರಿನ ಬೇಕರಿಯಲ್ಲಿದ್ದೆ. ಬಸ್ಸು ಬಂತು. ಹುಡುಗ ಗೆಳೆಯನೊಬ್ಬನ ಕೊಡೆಯಡಿ ನಗುತ್ತ ಇಳಿದ. ಇವರು ಸರಕ್ಕನೆ ಬೇಕರಿಯೊಳಗೆ ನುಗ್ಗಿ ಬ್ರೆಡ್ಡಿನ ಕಪಾಟಿನ ಹಿಂದೆ ನಿಂತರು. ಅವನು ದಾಟಿ ಹೋದ ಮೇಲೆ ನನ್ನನ್ನು ನೋಡಿ, "ಬ್ರೆಡ್ ತಾಜಾ ಅದಾವೇನು ಅಂತ ನೋಡಾಕ ಬಂದಿದ್ನಿ," ಎಂದರು. ಕೈಯಲ್ಲಿ ಎರಡು ಕೊಡೆಗಳಿದ್ದವು.

ಪ್ರತಿ ಭಾನುವಾರ ಬೆಳಿಗ್ಗೆ ಬೀದಿಯ ಹುಡುಗರನ್ನು ಮೈದಾನಕ್ಕೆ ಕರೆದೊಯ್ದು ಓಡಿಸುತ್ತಿದ್ದರು. ನಾನಿದ್ದ ವರ್ಷಗಳಲ್ಲಿ ಏಳು ಜನ ಸೈನ್ಯಕ್ಕೆ ಸೇರಿದರು. ಅದರಲ್ಲಿ ಒಬ್ಬ, ರಸ್ತೆಯ ಮೂಲೆಯಲ್ಲಿ ಗಾಡಿ ಇಟ್ಟುಕೊಂಡು ಇಸ್ತ್ರಿ ಮಾಡುತ್ತಿದ್ದ ಮುನಿಸ್ವಾಮಿಯ ಮಗ. ಅವನನ್ನು ಅಳೆದ ದಿನ ಕ್ಯಾಪ್ಟನ್ನರ ದನಿ ಬೀದಿಯ ಆ ತುದಿಗೂ ಕೇಳಿಸಿತ್ತು.

"ಎಂಬತ್ತೊಂದು! ಎಳದ್ರ ಎಂಬತ್ತೇಳು! ಇದು ಎದಿ ಅಲ್ಲೋ ಮುನಿಸ್ವಾಮಿ, ಗೋದಾಮು!"

"ಒಬ್ನೇ ಮಗ ಸಾರ್," ಎಂದ ಮುನಿಸ್ವಾಮಿ, ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ. "ಭಯ ಆಯ್ತದೆ."

"ಒಬ್ಬನ ಇದ್ದಾಗ ಕೊಡೂದ ಖರೇ ಕೊಡೂದು. ನಾಕ್ ಮಂದಿ ಇದ್ರ ಯಾರೂ ಕೊಡ್ತಾರ."

ಮುನಿಸ್ವಾಮಿ ಕೊಟ್ಟ.

ಇಷ್ಟಾದರೂ ಅವರು ಯಾವತ್ತೂ ಒಂದು ಯುದ್ಧದ ಕಥೆ ಹೇಳಲಿಲ್ಲ. ಆಗಸ್ಟ್ ಹದಿನೈದಕ್ಕೆ ಜನ ಒತ್ತಾಯಿಸಿದರೆ ಜಬಲ್ಪುರದ ಹಸಿ ಬಟಾಣಿಯ ರುಚಿ, ಬೆಟ್ಟದ ಮೇಲೆ ಕೊಬ್ಬರಿ ಎಣ್ಣೆ ಕಲ್ಲಾಗುವ ಚಳಿ, ಇಂಥವೇ. ಬಿಟ್ಟ ಜಾಗವನ್ನು ಬೀದಿಯೇ ತುಂಬಿಕೊಂಡಿತು. ತೊಂಬತ್ತೈದರ ಹೊತ್ತಿಗೆ ಅವರು ಎಪ್ಪತ್ತೊಂದರ ಯುದ್ಧದಲ್ಲಿ ಒಂದು ಗುಡ್ಡ ಹಿಡಿದಿದ್ದರು. ತೊಂಬತ್ತೇಳಕ್ಕೆ ಅದರ ಜೊತೆ ಎರಡು ಟ್ಯಾಂಕು ಸೇರಿದವು. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಕಾರ್ಗಿಲ್ ಯುದ್ಧ ಶುರುವಾಯಿತು. ಅವರು ಕಾಂಪೌಂಡಿನ ಒಳಗೋಡೆಗೆ ಒಂದು ನಕ್ಷೆ ಅಂಟಿಸಿ, ಗಡಿಯುದ್ದಕ್ಕೂ ಕೆಂಪು ಗೆರೆ ಎಳೆದು, ಗುಂಡುಪಿನ್ನುಗಳನ್ನು ಚುಚ್ಚಿದರು. ಸಂಜೆ ಬೀದಿಯ ಗಂಡಸರೆಲ್ಲ ಅದರ ಮುಂದೆ ಸೇರಿ ಎಲ್ಲಿ ಬಾಂಬು ಹಾಕಬೇಕೆಂದು ಸಲಹೆ ಕೊಡುತ್ತಿದ್ದರು. ಬ್ಯಾಂಕಿನಲ್ಲಿದ್ದ ಒಬ್ಬರು ಲಾಹೋರಿನವರೆಗೂ ಹೋಗಿಬಿಡಬೇಕೆಂದರು. ಅವರ ಎದೆ ಎಪ್ಪತ್ತೆರಡು.

ಬೆಳಿಗ್ಗೆ ಮಾತ್ರ ಒಬ್ಬನೇ ಬರುತ್ತಿದ್ದ, ಮುನಿಸ್ವಾಮಿ.

"ಸಾರ್, ನಮ್ ಹುಡ್ಗ ಇದ್ರಲ್ಲಿ ಎಲ್ಲವ್ನೆ?"

"ಇಲ್ಲೆ ನೋಡು." ಅವರು ಒಂದು ಹಸಿರು ಪಿನ್ನು ಚುಚ್ಚುತ್ತಿದ್ದರು. "ಭಾಳ ಹಿಂದ. ಏನೂ ಆಗೂದಿಲ್ಲ."

ಮೆಟ್ಟಿಲಿಳಿದು ಕೆಲಸಕ್ಕೆ ಹೋಗುವಾಗ ನಾನು ಆ ನಕ್ಷೆಯನ್ನು ನೋಡುತ್ತಿದ್ದೆ. ಹಸಿರು ಪಿನ್ನು ದಿನವೂ ಬೇರೆ ಜಾಗದಲ್ಲಿರುತ್ತಿತ್ತು, ದಿನದಿನಕ್ಕೆ ಕೆಂಪು ಗೆರೆಯಿಂದ ದೂರ. ಜೂನ್ ಕೊನೆಗೆ ಅದು ಹೆಚ್ಚುಕಡಿಮೆ ದಿಲ್ಲಿಯ ಹತ್ತಿರ ಬಂದಿತ್ತು.

ಅವರ ಮಗ ಇಂಜಿನಿಯರಿಂಗ್ ಮುಗಿಸಿ ಕೆ.ಆರ್. ಪುರದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಆ ವರ್ಷ ಅವನೂ ಸೈನ್ಯದ ಅಧಿಕಾರಿ ಹುದ್ದೆಗೆ ಅರ್ಜಿ ಹಾಕಿದ್ದ. ವಯಸ್ಸಿನ ಮಿತಿಯಿಂದಾಗಿ ಅದೇ ಕೊನೆಯ ಅವಕಾಶ. ಅರ್ಜಿ ಹಾಕಿದವರಲ್ಲಿ ಆಯ್ದ ಕೆಲವರಿಗೆ ಮಾತ್ರ ಸಂದರ್ಶನದ ಕಾಗದ ಬರುತ್ತದೆ. ಉಳಿದವರಿಗೆ ಏನೂ ಬರುವುದಿಲ್ಲ, ತಾವೇ ತಿಳಿದುಕೊಳ್ಳಬೇಕು. ಹುಡುಗ ದಿನವೂ ಬೆಳಗಿನ ಜಾವ ಹಲಸೂರು ಕೆರೆಯವರೆಗೆ ಓಡಿ ಬರುತ್ತಿದ್ದ. ಸಂಜೆ ಕೆಲಸದಿಂದ ಬಂದವನೇ ಕೇಳುವುದು ಒಂದೇ ಮಾತು. "ಪೋಸ್ಟ್ ಬಂತಾ?"

ಜುಲೈ ಮೊದಲ ವಾರದ ಒಂದು ಗುರುವಾರ. ನನಗೆ ರಜೆ. ಕೆಳಗಿನ ಮನೆ ಬೀಗ ಹಾಕಿತ್ತು. ಮಧ್ಯಾಹ್ನ ಹನ್ನೆರಡೂವರೆಗೆ ಅಂಚೆಯವನು ಬಂದು, ಆ ಹುಡುಗನ ಹೆಸರಿನ ಒಂದು ಕಂದು ಲಕೋಟೆಯನ್ನು ನನ್ನ ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡ. ನಾಲ್ಕು ಗಂಟೆಗೆ ಕ್ಯಾಪ್ಟನ್ ಒಬ್ಬರೇ ಬಂದರು. ನಾನು ಕೆಳಗಿಳಿದು ಲಕೋಟೆ ಕೊಟ್ಟೆ. ಮಗನ ಹೆಸರಿದ್ದರೂ ಅವರೇ ಒಡೆದರು. ನಿಂತು ಓದಿದರು. ಆಮೇಲೆ ಕೆಳಗಿನ ಮೆಟ್ಟಿಲ ಮೇಲೆ ಕೂತರು.

"ಬರೂ ತಿಂಗಳು ಹಾಜರಾಗಬೇಕಂತ. ಇಲ್ಲೇ ಕಂಟೋನ್ಮೆಂಟಿನಾಗ."

"ಕಂಗ್ರಾಜುಲೇಷನ್ಸ್ ಸಾರ್," ಎಂದು ಕೈ ಚಾಚಿದೆ.

ಅವರು ಕೈ ಕೊಡಲಿಲ್ಲ.

"ಎಪ್ಪತ್ತೊಂದರಾಗ ನಾ ಏನ್ ಮಾಡಿದ್ನಿ ಗೊತ್ತೈತೇನ್ರಿ ಇನ್‌ಸ್ಪೆಕ್ಟರ್?" ಎಂದರು. "ಗುಡ್ಡ ಅಲ್ಲ, ಟ್ಯಾಂಕೂ ಅಲ್ಲ. ಪೆಟ್ಟಿಗಿ. ಸತ್ತವರ ಟ್ರಂಕ್ ತಗದು, ಒಳಗ ಏನೇನೈತಿ ಪಟ್ಟಿ ಮಾಡಿ, ಮನಿಗೆ ಕಳಸೂದು. ನಾ ಬರ್ಯಾಂವ. ಅಂಗಿ ಎರಡು. ಸಾಬೂನು ಒಂದು, ಅರ್ಧ ಸವದದ್ದು. ಬಾಚಣಿಗಿ ಒಂದು. ಎಲ್ಲಾರ ಟ್ರಂಕಿನ್ಯಾಗೂ ಬಾಚಣಿಗಿ ಇರತೈತ್ರಿ. ಅದರಾಗ ಕೂದಲ ಇರತಾವ. ಕೂದಲಾ ಯಾವ ಕಾಲಮ್ಮಿಗೆ ಬರೀಲಿ? ಸಾಹೇಬ್ರನ್ನ ಕೇಳಿದ್ನಿ. ಅವ್ರು, ಬಾಚಣಿಗಿ ತೊಳದು ಹಾಕು ಅಂದ್ರು. ತೊಳದ್ನಿ. ಹದಿನಾರು ಬಾಚಣಿಗಿ ತೊಳದೇನ್ರಿ ನಾ."

ಅವರು ಕಾಗದವನ್ನು ನಾಲ್ಕಾಗಿ ಮಡಚಿದರು.

"ಈ ಕಾಗದ ಬಂದಿಲ್ಲ."

"ಸಾರ್, ನಾನು ಸಹಿ ಮಾಡಿ ತಗೊಂಡಿದೀನಿ."

"ನೀವು ಸಹಿ ಮಾಡೀರಿ. ಕಾಗದ ಬಂದಿಲ್ಲ." ಅದು ಮೈದಾನದಲ್ಲಿ ಹುಡುಗರಿಗೆ ಆಜ್ಞೆ ಕೊಡುವ ದನಿಯೇ.

ನಾನು ಕೇಳಬಾರದಿತ್ತೋ ಏನೋ. ಕೇಳಿದೆ. "ಹಾಗಾದ್ರೆ ಮುನಿಸ್ವಾಮಿ ಮಗ?"

ಅವರು ಗೋಡೆಯ ನಕ್ಷೆಯ ಕಡೆ ನೋಡಿದರು.

"ಅವನ ಎದಿ ಎಂಬತ್ತೊಂದು ಇತ್ರಿ," ಎಂದರು.

ಆ ಸಂಜೆ ಹುಡುಗ ಮೇಲೆ ಬಂದ. "ಅಂಕಲ್, ಪೋಸ್ಟ್‌ಮ್ಯಾನ್ ಏನಾದ್ರೂ ಬಂದಿದ್ನಾ?" ನಾನು ಮಲಗಿದ್ದೆನೆಂದು ಹೇಳಿದೆ. ದಿನವೆಲ್ಲ ಕೂದಲೆಳೆಯ ತಪ್ಪಿಗೆ ಬಿಡಿಭಾಗಗಳನ್ನು ಕೆಂಪು ಡಬ್ಬಿಗೆ ಹಾಕುವವನು ನಾನು. ಮರುದಿನ ಬೆಳಿಗ್ಗೆ ಮೋಟರು ಆರು ಇಪ್ಪತ್ತೈದಕ್ಕೆ ನಿಲ್ಲಲಿಲ್ಲ, ಆರು ಮೂವತ್ತೈದಕ್ಕೆ ನಿಂತಿತು. ಮುಂದೆ ಎಂಟು ವರ್ಷವೂ ಹಾಗೆಯೇ. ಹತ್ತು ನಿಮಿಷದ ನೀರು ಹೆಚ್ಚು ಬಂದದ್ದಕ್ಕೆ ನನ್ನ ಹೆಂಡತಿ ಅವರನ್ನು ಬಾಯ್ತುಂಬ ಹೊಗಳಿದಳು. ನಾನು ಆ ನೀರಿನಲ್ಲಿ ಸ್ನಾನ ಮಾಡಿದೆ.

ಸಂದರ್ಶನಗಳು ಮುಗಿದುಹೋದುವೆಂದು ಹುಡುಗನಿಗೆ ಗೆಳೆಯರಿಂದ ತಿಳಿಯಿತು. ಅವನು ಓಡುವುದನ್ನು ನಿಲ್ಲಿಸಿದ. ಬೀದಿಯವರು ವಿಚಾರಿಸಿದರು. ವಿಚಾರಿಸದೆ ಬಿಡುವ ಬೀದಿ ಅದಲ್ಲ. ಆಗ ಕ್ಯಾಪ್ಟನ್ ಗೇಟಿನಲ್ಲಿ ನಿಂತು, "ನನ್ನ ಮಗಗ ಕರಿ ಬರ್ಲಿಲ್ಲ. ಇಂಥಾ ಟೈಮಿನ್ಯಾಗ ಬರ್ಲಿಲ್ಲ," ಎಂದು ನಿಟ್ಟುಸಿರು ಬಿಟ್ಟರು. ಹುಡುಗ ಎರಡು ಮಾರು ದೂರದಲ್ಲಿ ಸ್ಕೂಟರು ಒರೆಸುತ್ತಿದ್ದ. ಒರೆಸುತ್ತಲೇ ಇದ್ದ.

ಸಮಾಧಾನ ಹೇಳಿದವನು ಮುನಿಸ್ವಾಮಿ. "ಹೋಗ್ಲಿ ಬುಡಿ ಸಾರ್. ನಮ್ ಹುಡ್ಗ ಹೋಗವ್ನಲ್ಲ, ಅವ್ನೂ ನಿಮ್ ಮಗಾನೇ ಅನ್ಕೊಳ್ಳಿ."

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಅವರು ಯಾರ ಎದೆಯನ್ನೂ ಅಳೆದದ್ದನ್ನು ನಾನು ಕಾಣಲಿಲ್ಲ. ಭಾನುವಾರದ ಓಟವೂ ನಿಂತಿತು. ಮಂಡಿ ನೋವು ಎಂದರು. ಮುನಿಸ್ವಾಮಿಯ ಮಗ ಆ ಚಳಿಗಾಲದಲ್ಲಿ ಬೆಟ್ಟದ ಮೇಲೆಯೇ ಇದ್ದ. ಹಿಮಕ್ಕೆ ಎಡಗಾಲಿನ ಎರಡು ಬೆರಳು ಕಳೆದುಕೊಂಡು ರಜೆಗೆ ಬಂದಾಗ, ಮೊದಲು ಕ್ಯಾಪ್ಟನ್ನರ ಮನೆಗೇ ಬಂದು ಸೆಲ್ಯೂಟ್ ಹೊಡೆದ. ಇವರು ಅವನ ಕಾಲು ನೋಡಲಿಲ್ಲ. "ಊಟ ಆತೇನೋ?" ಎಂದು ಮೂರು ಸಲ ಕೇಳಿದರು.

ಎರಡು ಸಾವಿರದ ಏಳರಲ್ಲಿ, ಕ್ಯಾಂಟೀನಿನ ಸಾಲಿನಲ್ಲಿ ನಿಂತಿದ್ದಾಗ ಅವರಿಗೆ ಎದೆನೋವು ಬಂತು. ಆಸ್ಪತ್ರೆ ತಲುಪುವ ಮುಂಚೆಯೇ ಹೋದರು. ಹಿಂದಿದ್ದವರು ಅವರ ಜಾಗವನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ದರಂತೆ. ಇದು ಕೇಳಿದ್ದು.

ಬೀದಿಯಲ್ಲಿ ಶಾಮಿಯಾನ ಹಾಕಿ ಸಂತಾಪ ಸಭೆ ಮಾಡಿದರು. ಸ್ಥಳೀಯ ಮುಖಂಡರೊಬ್ಬರು ಮಾತಾಡುತ್ತ ಟ್ಯಾಂಕುಗಳನ್ನು ನಾಲ್ಕು ಮಾಡಿದರು. ಲಾಹೋರಿಗೆ ಹೋಗಬೇಕೆಂದಿದ್ದ ಬ್ಯಾಂಕಿನವರು ಅತ್ತರು. ಕೊನೆಗೆ ಮಗ ಮೈಕು ಹಿಡಿದ. ಅವನಿಗೆ ಆಗ ಮದುವೆಯಾಗಿ ಒಂದು ಹೆಣ್ಣು ಮಗುವಿತ್ತು. "ಅಪ್ಪ ಬೀದಿಗೆಲ್ಲ ದಾರಿ ತೋರ್ಸಿದ್ರು. ಅವ್ರ ಒಂದೇ ಒಂದು ಆಸೆ ನನ್ನಿಂದ ಆಗ್ಲಿಲ್ಲ. ಕ್ಷಮಿಸಿಬಿಡಿ ಅಪ್ಪಾ," ಎಂದ. ಜನ ತಲೆದೂಗಿದರು. ನನ್ನ ಪಕ್ಕದ ಕುರ್ಚಿಯಲ್ಲಿದ್ದವರು, "ಪಾಪ, ಹುಲಿ ಹೊಟ್ಟೇಲಿ ನರಿ..." ಎಂದು ಶುರು ಮಾಡಿದರು. ನಾನು ಎದ್ದು ಹೋಗಿ ಹಿಂದೆ ನಿಂತೆ.

ಹನ್ನೊಂದನೇ ದಿನ ಮನೆಯಲ್ಲಿ ಊಟ. ಎಲೆ ಹಾಕುವ ಮುಂಚೆ ಮಗ ಮೆಟ್ಟಿಲ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿದ.

"ಅಂಕಲ್, ಒಂದ್ ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನ್ ಬಗ್ಗೆ ಅಪ್ಪ ನಿಮ್ ಹತ್ರ ಏನಾದ್ರೂ ಹೇಳ್ತಿದ್ರಾ? ಆ ವರ್ಷದಿಂದ ಅವ್ರು ನನ್ ಮುಖ ನೋಡಿ ಮಾತಾಡಿದ್ದೇ ಇಲ್ಲ. ಎಂಟು ವರ್ಷ ಅಂಕಲ್. ಅಷ್ಟೊಂದು ನಾಚಿಕೆ ಆಗಿತ್ತಾ ಅವ್ರಿಗೆ ನನ್ನಿಂದ?"

ಹೇಳಿದರೆ ಅವನ ಮನಸ್ಸಿನಲ್ಲಿರುವ ಅಪ್ಪ ಹೋಗುತ್ತಾರೆ, ಹೇಳದಿದ್ದರೆ ಇವನೇ ಕುಗ್ಗಿ ಹೋಗುತ್ತಾನೆ. ಅಷ್ಟು ನನಗೆ ಸ್ಪಷ್ಟವಿತ್ತು. ನಾನು ಹೇಳಿದೆ. ಗುರುವಾರ ಎಂದೆ, ಹನ್ನೆರಡೂವರೆ ಎಂದೆ. ಕಂದು ಲಕೋಟೆ, ನನ್ನ ಸಹಿ, ನಾಲ್ಕಾಗಿ ಮಡಚಿದ್ದು, ಹದಿನಾರು ಬಾಚಣಿಗೆ, ನಾನು ಮಲಗಿದ್ದೆನೆಂದು ಹೇಳಿದ ಸುಳ್ಳು. ಒಂದನ್ನೂ ಬಿಡಲಿಲ್ಲ.

ಅವನು ಮೆಟ್ಟಿಲ ಕೈಹಿಡಿಕೆಯ ಕಬ್ಬಿಣವನ್ನು ಉಗುರಿನಿಂದ ಕೆರೆದ. ಆಮೇಲೆ ಕೇಳಿದ್ದು ಒಂದೇ. "ಅವ್ವಗ ಗೊತ್ತಿತ್ತಾ?"

ನನಗೆ ತಿಳಿಯದು ಎನ್ನುವಷ್ಟರಲ್ಲಿ ಅಕ್ಕ ಬಾಗಿಲಲ್ಲಿದ್ದರು. ಎಲೆ ತೊಳೆದ ನೀರು ಕೈಯಿಂದ ಇಳಿಯುತ್ತಿತ್ತು.

"ಸುಟ್ಟಾಕಿ ನಾನ," ಎಂದರು. "ಅವ್ರು ಕಡ್ಡಿ ಕೊರದ್ರು, ಕೈ ನಡುಗಿ ಆರಿ ಹೋತು. ಮತ್ತ ಕೊರದ್ರು, ಮತ್ತ ಆರ್ತು. ಕೊಡ್ರಿ ಇಲ್ಲೆ ಅಂತ ಇಸಗೊಂಡು ಒಲಿಗೆ ಹಿಡದ್ನಿ."

"ನನ್ನ ಒಂದು ಮಾತು ಕೇಳಬೇಕಿತ್ತಲ್ಲವ್ವಾ."

"ಕೇಳಬೇಕಿತ್ತು. ಕೇಳಿದ್ರ ನೀ ಹೋಗ್ತಿದ್ದಿ."

ಒಳಗಿನಿಂದ ಯಾರೋ ಎಲೆ ಹಾಕಿ ಆಯಿತೆಂದು ಕೂಗಿದರು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು. ನಾವೂ ಹೋದೆವು. ಮಗ ಗೋಡೆಯ ಪಕ್ಕ ಕೂತ. ಅವನ ಬಲಕ್ಕೆ ಮುನಿಸ್ವಾಮಿ, ಎದುರಿಗೆ ನಾನು. ಅಕ್ಕ ತಾವೇ ಅನ್ನ ಬಡಿಸುತ್ತ ಬಂದರು. ಮಗನ ಎಲೆಯ ಮುಂದೆ ಬಗ್ಗಿದಾಗ ಅವನು ತಲೆಯೆತ್ತಲಿಲ್ಲ, ಕೈಯನ್ನೂ ಅಡ್ಡ ಇಡಲಿಲ್ಲ.

ಮುನಿಸ್ವಾಮಿ ಅನ್ನಕ್ಕೆ ಕೈ ಹಾಕುವ ಮುಂಚೆ ಕಣ್ಣೊರೆಸಿಕೊಂಡ. "ದೊಡ್ ಮನ್ಸ ಸಾರ್ ನಿಮ್ ಅಪ್ಪ," ಎಂದ, ಪಂಕ್ತಿಗೆಲ್ಲ ಕೇಳುವಂತೆ. "ನನ್ ಮಗಂಗೂ ನಿಮ್ಗೂ ಒಂದ್ ಚೂರು ಭೇದ ಮಾಡ್ಲಿಲ್ಲ."

ಸೌಟು ಅಕ್ಕನ ಕೈಯಲ್ಲಿ ನಿಂತಿತು. ನಾನು ಎಲೆ ನೋಡುತ್ತ ಕಾದೆ.

"ಹೌದು ಮುನಿಸ್ವಾಮಣ್ಣ," ಎಂದ ಮಗ. ದನಿ ಸಾಫಾಗಿತ್ತು. "ಅವ್ವ, ಮುನಿಸ್ವಾಮಣ್ಣಂಗ ತುಪ್ಪ ಬಂದಿಲ್ಲ ನೋಡು."